ಬೊಬ್ಬೆಯಿಲ್ಲದ ಅಂಗೈ

ಬಸುರಿ ಹೆಂಗಸು ಮೈ ಬಗ್ಗಿಸಿ ಕೆಲಸ ಮಾಡಬೇಕೋ, ಕಾಲು ಚಾಚಿ ಕೂರಬೇಕೋ ಎಂದು ನಮ್ಮ ಮನೆಯ ಹೆಣ್ಣುಮಕ್ಕಳು ನನ್ನನ್ನು ಕೇಳುತ್ತಾರೆ. ಏಳು ಹೆತ್ತು ಐದು ಉಳಿಸಿಕೊಂಡ ಮುದುಕಿ, ಇವಳಿಗೆ ತಿಳಿಯದೆ ಯಾರಿಗೆ ತಿಳಿದೀತು ಎಂದು ಅವರ ಎಣಿಕೆ. ನಾನು ಓದಿದ್ದು ತವರೂರಿನ ಐಗಳ ಮಠದಲ್ಲಿ ಎರಡು ವರ್ಷ, ಅದೂ ಮರಳಿನ ಮೇಲೆ ತೀಡಿದ ಅಕ್ಷರ. ವೈದ್ಯದ ಪುಸ್ತಕ ನಾನು ಕಂಡಿಲ್ಲ. ಕಂಡದ್ದು ನನ್ನ ನಾದಿನಿಯ ಹೆರಿಗೆ. ಕೇಳಿದವರಿಗೆಲ್ಲ ಅರ್ಧ ಹೇಳಿ ಉಳಿದರ್ಧ ನುಂಗಿಕೊಂಡು ಬಂದಿದ್ದೇನೆ. ಈಗ ಪೂರ್ತಿ ಬರೆಯುತ್ತೇನೆ.

ನಾನು ಮದುವೆಯಾಗಿ ತಾಳ್ಯದ ಹತ್ತಿರದ ಈ ಹಳ್ಳಿಗೆ ಬಂದಾಗ ನನ್ನ ಗಂಡನ ತಂಗಿಗೆ ಹನ್ನೆರಡೋ ಹದಿಮೂರೋ ವರ್ಷ. ನನಗಿಂತ ಎರಡೇ ವರ್ಷಕ್ಕೆ ಚಿಕ್ಕವಳು. ಗಂಡ ಮೊದಲೆರಡು ವರ್ಷ ನನ್ನೊಂದಿಗೆ ನೆಟ್ಟಗೆ ಮಾತಾಡಿದ್ದೇ ಇಲ್ಲ. ಮಾತಿಗೆ ಸಿಕ್ಕವಳು ಆ ಹುಡುಗಿಯೇ. ಕೋಳಿ ಕೂಗುತ್ತಲೇ ಇಬ್ಬರೂ ಎದ್ದು ಬೀಸುವ ಕಲ್ಲಿನ ಮುಂದೆ ಎದುರುಬದುರು ಕೂರುತ್ತಿದ್ದೆವು. ಗೂಟ ಒಂದೇ, ಕೈ ಎರಡು. ಅವಳು ಎಳೆದರೆ ನಾನು ತಳ್ಳಬೇಕು, ನಾನು ಎಳೆದರೆ ಅವಳು ತಳ್ಳಬೇಕು. ಅವಳ ದನಿ ಚೆನ್ನಾಗಿತ್ತು, ನನ್ನದು ಕಾಗೆಯ ದನಿ. "ಅತ್ಗೆ, ನೀನು ಹಾಡ್ಬ್ಯಾಡ, ರಾಗಿ ಹುಳಿ ಬರ್ತೈತೆ" ಎಂದು ನಗುತ್ತಿದ್ದಳು. ಹೀಗೆ ಮೂರು ವರ್ಷ ಬೀಸಿದೆವು. ಆಮೇಲೆ ಅವಳನ್ನು ಹಿರಿಯೂರಿನ ಕೊಬ್ಬರಿ ಮಂಡಿಯವರ ಮನೆಗೆ ಕೊಟ್ಟರು.

ನಮ್ಮದು ಒಕ್ಕಲುತನದ ಮನೆ, ಅವರದು ವ್ಯಾಪಾರದ ಮನೆ. ಅಲ್ಲಿ ನೀರು ಹೊರಲು ಆಳು, ಬೀಸಲು ಆಳು. ಸೊಸೆಯಂದಿರಿಗೆ ಬಳೆ ಸದ್ದು ಮಾಡಿಕೊಂಡು ಎಲೆ ಅಡಿಕೆ ಮಡಿಸುವುದೇ ಕೆಲಸ. ಮೂರು ವರ್ಷ ಇವಳಿಗೆ ಮಕ್ಕಳಾಗಲಿಲ್ಲ. ಅವಳ ಅತ್ತೆ ಕಂಡ ದೇವರಿಗೆಲ್ಲ ಹರಕೆ ಹೊತ್ತರು. ನಾಲ್ಕನೆಯ ವರ್ಷ ಬಸುರು ನಿಂತಾಗ ಹಿರಿಯೂರಿನವರು ಅವಳನ್ನು ಮಂಚದ ಮೇಲೆ ಕೂರಿಸಿದರು. ತಲೆ ಬಾಚಲೂ ಒಬ್ಬಳು ಬರುತ್ತಿದ್ದಳಂತೆ.

ಏಳನೆಯ ತಿಂಗಳಲ್ಲಿ ಬಸುರಿ ಊಟ ಮಾಡಿಸಿ ಕರೆತರಲು ನಾವು ಗಾಡಿ ಕಟ್ಟಿಕೊಂಡು ಹೋದೆವು. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಗಾಡಿ ಹತ್ತಿಸುವಾಗ ಬೀಗಿತ್ತಿ, ಅಂದರೆ ಹಿರಿಯೂರಿನ ಅವಳ ಅತ್ತೆ, ಸೊಸೆಯ ಎರಡೂ ಅಂಗೈ ಬಿಡಿಸಿ ಎಲ್ಲರಿಗೂ ಕಾಣುವ ಹಾಗೆ ಹಿಡಿದರು.

"ನೋಡ್ಕಳ್ರಿ ಬೀಗಿತ್ತೇರೆ, ಬೆಣ್ಣೆ ಹಂಗೈತೆ. ಹೆಂಗೆ ಕಳಿಸ್ತಿದೀನೋ ಹಂಗೇ ವಾಪಸ್ ಬರ್ಬೇಕು. ನಿಮ್ಮದು ರಾಗಿ ಮನೆ, ಬಸುರೀನ ಕೂಲಿಗೆ ಹಚ್ಚೀರಿ ಮತ್ತೆ!"

ಸುತ್ತ ನಿಂತವರೆಲ್ಲ ನಕ್ಕರು. ನನ್ನ ಅತ್ತೆ ನಗಲಿಲ್ಲ. ಬೀಗಿತ್ತಿ ಒಂದು ಮೂಟೆ ಕೊಬ್ಬರಿಯನ್ನು ಬಾಣಂತನಕ್ಕೆಂದು ಗಾಡಿಗೆ ಹಾಕಿಸಿ, "ನಡುವೆ ಒಂದ್ಸಲ ನಾನೇ ಬಂದು ನೋಡ್ಕೊಂಡು ಹೋಗ್ತೀನಿ" ಎಂದರು. ದಾರಿಯುದ್ದಕ್ಕೂ ಅತ್ತೆ ಮಗಳ ಕೈಯನ್ನೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಆಗ ನಾನೂ ಬಸುರಿ. ಎರಡನೆಯದು, ನಾಲ್ಕು ತುಂಬಿತ್ತು. ಒಂದೇ ಸೂರಿನ ಕೆಳಗೆ ಇಬ್ಬರು ಬಸುರಿಯರು ಇರಬಾರದು ಎಂದು ಪಕ್ಕದ ಮನೆಯ ಮುದುಕ ಹೇಳಿದ. "ಸೊಸೇನ ತವರಿಗೆ ಕಳಿಸಿದ್ರೆ ರಾಗಿ ಯಾರು ಬೀಸ್ತಾರೆ, ನೀನು ಬೀಸ್ತೀಯಾ?" ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದರು. ಹಾಗಾಗಿ ನಾನು ಉಳಿದೆ, ಬೀಸಿದೆ, ಕಸ ಹೊಡೆದೆ, ಕಳೆ ಕಿತ್ತೆ. ಮೊದಲನೆಯ ಬಸುರಿನಲ್ಲೂ ತವರಿಗೆ ಹೋಗುವ ದಿನದವರೆಗೆ ಹೀಗೆಯೇ. ಕೂತುಕೋ ಎಂದು ಯಾರೂ ಹೇಳಿರಲಿಲ್ಲ. ನಾದಿನಿಯನ್ನು ಮಾತ್ರ ಅತ್ತೆ ನಡುಮನೆಯ ಹಾಸಿಗೆಯಿಂದ ಇಳಿಯಗೊಡಲಿಲ್ಲ. ಚೆಂಬು ಎತ್ತಿದರೂ ಕಿತ್ತುಕೊಳ್ಳುತ್ತಿದ್ದರು.

ಎಂಟನೆಯ ತಿಂಗಳಲ್ಲಿ ಸೂಲಗಿತ್ತಿ ಬಂದಳು. ಆ ಊರಿನ ಅರ್ಧ ಜನರ ಹೊಕ್ಕುಳು ಕೊಯ್ದವಳು, ಒಂದು ಕಣ್ಣಿಗೆ ಹೂ ಬಿದ್ದಿತ್ತು. ನಾದಿನಿಯ ಹೊಟ್ಟೆಗೆ ಹರಳೆಣ್ಣೆ ಸವರಿ ನೋಡಿದಳು. ಪಾದ ಒತ್ತಿದಳು. ಬೆರಳು ಒತ್ತಿದ ಕಡೆ ಕುಳಿ ಬಿದ್ದು ಹಾಗೇ ಉಳಿಯಿತು.

"ಅವ್ವಾರೆ, ಇವಳನ್ನ ಎಬ್ಬಿಸ್ರಿ. ಹೊತ್ತಾರೆ ಒಂದು ಸೇರು ರಾಗಿ ಬೀಸ್ಲಿ. ಸಂಜೆ ಬದುವಿನ ಗಂಟ ನಡ್ಕೊಂಡು ಹೋಗಿ ಬರ್ಲಿ. ಕೊಡ ಹೊರೋದು ಬ್ಯಾಡ, ಹೊರೆ ಎತ್ತೋದು ಬ್ಯಾಡ. ಕುಂತು ಬೀಸ್ಲಿ, ಸೊಂಟ ಸಡ್ಲ ಆಗ್ತೈತೆ, ಉಸಿರು ಬಲ ಆಗ್ತೈತೆ."

"ತವರಿಗೆ ಬಂದ ಬಸುರಿ ಕೈಲಿ ಬೀಸಿಸಿದ್ರು ಅಂತ ಹಿರಿಯೂರು ಪ್ಯಾಟೆಲ್ಲ ಡಂಗುರ ಹೊಡೆಸ್ತಾಳೆ ಆ ಬೀಗಿತ್ತಿ. ಅಂಗೈ ನೋಡಿ ಕಳಿಸ್ಯಾಳೆ ಕಣಜ್ಜಿ."

"ಕೂಸು ಅಂಗೈನಾಗೆ ಬರ್ತೈತಾ ಅವ್ವಾರೆ? ಕೊಟ್ಟಿಗೇಲೇ ಕಟ್ಟಿ ಮೇಯಿಸಿದ ಎತ್ತನ್ನ ಒಂದೇ ಸಲ ಏರು ದಿಬ್ಬಕ್ಕೆ ಹೂಡಿದ್ರೆ ಎಳೀತೈತಾ?"

ಅತ್ತೆ ಎದ್ದು ಒಳಗೆ ಹೋಗಿ ಮೊರ ತಂದರು. ಮೊರದಲ್ಲಿ ರಾಗಿ, ಎಲೆ ಅಡಿಕೆ ಕೊಟ್ಟು ಅವಳನ್ನು ಕಳಿಸಿದರು. ಹಾಸಿಗೆಯ ಮೇಲಿದ್ದವಳು ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಬೀಸುವ ಕಲ್ಲು ಇದ್ದದ್ದು ಕೊಟ್ಟಿಗೆಗೆ ಅಂಟಿದ ಒಂದು ಪುಟ್ಟ ಕೋಣೆಯಲ್ಲಿ. ಕರು ನುಗ್ಗಿ ಹಿಟ್ಟು ನೆಕ್ಕುತ್ತದೆಂದು ಅದರ ಬಾಗಿಲಿಗೆ ಒಳಗಿನಿಂದ ಒಂದು ಮರದ ಅಗುಳಿ ಹಾಕಿಸಿದ್ದರು. ಕರು ದೊಡ್ಡದಾದ ಮೇಲೆ ಯಾರೂ ಅದನ್ನು ಹಾಕುತ್ತಿರಲಿಲ್ಲ. ಸೂಲಗಿತ್ತಿ ಬಂದು ಹೋದ ಮರುದಿನ ಬೆಳಗಿನ ಜಾವ ನಾನು ಬೀಸುತ್ತಿದ್ದಾಗ ಬಾಗಿಲು ತಳ್ಳಿಕೊಂಡು ನಾದಿನಿ ಬಂದಳು. ಗೋಡೆ ಹಿಡಿದು, ಮೆಲ್ಲಗೆ ಕೂತು, ಕಾಲು ಚಾಚಿದಳು.

"ಅತ್ಗೆ, ಒಂದ್ ಗಳಿಗೆ ಗೂಟ ಹಿಡೀತೀನಿ."

"ಹೋಗೇ, ನಿಮ್ಮವ್ವ ನನ್ನ ಚರ್ಮ ಸುಲೀತಾಳೆ."

"ಅವ್ವ ಎದ್ದಿಲ್ಲ. ಮಲಗಿ ಮಲಗಿ ನನ್ನ ಮೈ ಹಲಸಿನಹಣ್ಣಿನ ಹಂಗಾಗೈತೆ. ಕೊಡು ಇಲ್ಲಿ."

ಕೊಟ್ಟೆ. ನಾನು ಕೊಟ್ಟೆ ಎಂಬುದನ್ನು ಗಟ್ಟಿಯಾಗಿ ಬರೆಯುತ್ತಿದ್ದೇನೆ. ಮೊದಲ ದಿನ ಹತ್ತು ಸುತ್ತಿಗೇ ಅವಳಿಗೆ ಏದುಸಿರು ಬಂತು. ನಾಲ್ಕನೆಯ ದಿನಕ್ಕೆ ಹಾಡಲು ಶುರು ಮಾಡಿದಳು, ಮೆಲುದನಿಯಲ್ಲಿ. ಹತ್ತು ದಿನ ಬೀಸಿದಳು. ಬೇಡ ಬೇಡವೆಂದು ಉಣ್ಣುತ್ತಿದ್ದವಳು ಒಂದು ಪೂರ್ತಿ ಮುದ್ದೆ ಉಂಡಳು. ಕಾಲಿನ ಬಾವು ಇಳಿದು ಕಾಲುಂಗುರ ಸಡಿಲವಾಯಿತು. ಅಂಗೈಯಲ್ಲಿ ಬೊಬ್ಬೆ ಎದ್ದವು. ನಾನು ಹಳೇ ಸೀರೆಯ ಚಿಂದಿ ಸುತ್ತಿ ಕೊಡುತ್ತಿದ್ದೆ, ಅವಳು ಹಗಲೆಲ್ಲ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿರುತ್ತಿದ್ದಳು. "ಕೂಸು ಕಲ್ಲಿನ ಸದ್ದಿಗೆ ಒದೀತೈತೆ ಅತ್ಗೆ, ನಿಲ್ಲಿಸಿದ್ರೆ ಸುಮ್ಮನಾಗ್ತೈತೆ" ಎಂದಳು ಒಂದು ದಿನ. ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಡಿಸಿದಳು. ಒದೆಯಿತು, ಹೌದು.

ಅಷ್ಟರಲ್ಲಿ ಬೀಗಿತ್ತಿ ಸೋಮವಾರ ಬರುತ್ತಾರೆ ಎಂದು ಸುದ್ದಿ ಬಂತು. ಮಗಳು ಕಳೆಯಾಗಿ ಕಾಣಲಿ ಎಂದು ಅತ್ತೆ ಗೋರಂಟಿ ಅರೆದು ತಂದು, "ಕೈ ಚಾಚೇ" ಎಂದರು. ಚಾಚಲಿಲ್ಲ. ಅತ್ತೆ ಎಳೆದು ಬಿಡಿಸಿದರು. ಎರಡು ಬೊಬ್ಬೆ ಒಡೆದು ಕೆಂಪಾಗಿದ್ದವು, ಒಂದು ನೀರು ತುಂಬಿ ನಿಂತಿತ್ತು.

"ಯಾರೇ ಇವಳ ಕೈಗೆ ಗೂಟ ಕೊಟ್ಟೋರು?"

ನಾನು ಒಲೆಯ ಮುಂದಿದ್ದೆ. ನಾದಿನಿ ನನ್ನ ಕಡೆ ನೋಡಿದಳು.

"ನಾನು ಬ್ಯಾಡ ಅಂದೆ ಅತ್ತೆ" ಎಂದೆ. "ದಿನಾ ಬ್ಯಾಡ ಅಂದೆ. ಅವಳೇ ಬಂದು ಕಿತ್ಕೊಂಡು ಕುಂತ್ಲು."

"ಹೂಂ ಅವ್ವ" ಎಂದಳು ಆ ಹುಡುಗಿ. "ಅತ್ಗೆ ಬ್ಯಾಡಾಂತಲೇ ಅಂದ್ಲು. ನಂದೇ ತಪ್ಪು."

ಅತ್ತೆ ಮಗಳನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಬೊಬ್ಬೆ ಕಾಣದ ಹಾಗೆ ಅಂಗೈ ತುಂಬ ದಪ್ಪಗೆ ಗೋರಂಟಿ ಮೆತ್ತಿದರು. ಒಡೆದ ಚರ್ಮಕ್ಕೆ ಉರಿದು ಅವಳ ಕಣ್ಣಲ್ಲಿ ನೀರು ಬಂತು. ಸೋಮವಾರ ಬೀಗಿತ್ತಿ ಬಂದರು, ಕೆಂಪಗೆ ಹತ್ತಿದ ಅಂಗೈಯನ್ನು ದೂರದಿಂದಲೇ ನೋಡಿ, "ಪರವಾಗಿಲ್ಲ, ಚೆನ್ನಾಗಿ ನೋಡ್ಕೊಂಡೀರಿ" ಎಂದು ಹೋಳಿಗೆ ಉಂಡು ಗಾಡಿ ಹತ್ತಿದರು. ಗಾಡಿ ಮರೆಯಾದ ಮೇಲೆ ಅತ್ತೆ ನನ್ನ ಕಡೆ ತಿರುಗಿ, "ಇನ್ಮೇಲೆ ಅಗುಳಿ ಹಾಕ್ಕೊಂಡು ಬೀಸು" ಎಂದರು.

ಹಾಕಿಕೊಂಡೆ.

ಮರುದಿನ ಅವಳು ಬಂದಳು. ಬಾಗಿಲು ತಳ್ಳಿ ನೋಡಿದಳು. ಬಳೆಯಿಂದ ಮೆಲ್ಲಗೆ ತಟ್ಟಿದಳು. "ಅತ್ಗೆ, ಅಗುಳಿ ತೆಗಿ. ಚಿಂದಿ ದಪ್ಪಗೆ ಸುತ್ಕೊಂಡು ಬಂದಿದೀನಿ, ಈ ಸಲ ಬೊಬ್ಬೆ ಬರಾಕಿಲ್ಲ."

ನಾನು ಒಂದು ಹಿಡಿ ಹೆಚ್ಚಿಗೆ ರಾಗಿ ಸುರಿದು ಕಲ್ಲು ಜೋರಾಗಿ ತಿರುಗಿಸಿದೆ, ಅವಳ ದನಿ ಕೇಳಿಸದ ಹಾಗೆ. ಅತ್ತೆಯ ಭಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಬಂದಿದ್ದೇನೆ. ಭಯವಿತ್ತು, ಸುಳ್ಳಲ್ಲ. ಆದರೆ ಅದಷ್ಟೇ ಅಲ್ಲ. ನನ್ನ ಹೊಟ್ಟೆಯಲ್ಲೂ ಕೂಸಿತ್ತು, ನನ್ನ ಅಂಗೈಯನ್ನು ಯಾರೂ ಬಿಡಿಸಿ ನೋಡಿರಲಿಲ್ಲ. ಕೂರುವ ಪುಣ್ಯ ಇದ್ದವಳು ಕೂರಲಿ, ನನ್ನ ಕೆಲಸದೊಳಗೆ ಆಟಕ್ಕೆ ಬರುವುದು ಬೇಡ ಎಂದು ನನಗೆ ಸಿಟ್ಟು ಬಂದಿತ್ತು. ಇಂಥ ಕೆಟ್ಟ ಸಿಟ್ಟು ಒಳ್ಳೆಯವರಿಗೂ ಬರುತ್ತದೆ ಎನ್ನುತ್ತಾರೆ. ನಾನು ಒಳ್ಳೆಯವಳೆಂದು ನನಗೇನೂ ಅನ್ನಿಸಿಲ್ಲ.

ಮೂರು ದಿನ ಬಂದಳು, ಮೂರು ದಿನ ತಟ್ಟಿದಳು. ನಾಲ್ಕನೆಯ ದಿನದಿಂದ ಬರಲಿಲ್ಲ. ಕಾಲು ಮತ್ತೆ ಬಾತುಕೊಂಡಿತು. ನನ್ನ ಜೊತೆ ಮೊದಲಿನಂತೆಯೇ ಮಾತಾಡುತ್ತಿದ್ದಳು, ಬಾಗಿಲಿನ ಮಾತು ಮಾತ್ರ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಒಂಬತ್ತು ತುಂಬಿ ಕೆಲವು ದಿನ ಆದ ಮೇಲೆ ಒಂದು ಮಧ್ಯಾಹ್ನ ನೋವು ಬಂತು. ಸೂಲಗಿತ್ತಿ ಬಂದು ತೊಲೆಗೆ ಹಗ್ಗ ಕಟ್ಟಿಸಿ, ಹಿಡಿದು ಕೂರಲು ಹೇಳಿದಳು. ಬಸುರಿಯಾದವಳು ಹೆರಿಗೆ ಕೋಣೆಗೆ ಬರಬಾರದೆಂದು ನನ್ನನ್ನು ಹೊರಗೆ ನಿಲ್ಲಿಸಿದರು. ನಾನು ಬಿಸಿನೀರು ಕಾಯಿಸಿ ಹೊಸಿಲಿನ ಮೇಲೆ ಇಡುವುದು, ಒಳಗಿನವರು ತೆಗೆದುಕೊಳ್ಳುವುದು. ಮೊದಲ ದಿನ ಅವಳು ಹಗ್ಗ ಹಿಡಿದು ಕೂತಳು. ಎರಡನೆಯ ದಿನ ಹಗ್ಗ ಹಿಡಿಯಲು ಆಗಲಿಲ್ಲ. ಒಳಗಿನಿಂದ "ಅತ್ಗೆ" ಎಂದು ಕೂಗುತ್ತಿದ್ದಳು. "ಇಲ್ಲೇ ಇದೀನಿ ಕಣೆ" ಎಂದು ನಾನು ಹೊರಗಿನಿಂದ ಅನ್ನುತ್ತಿದ್ದೆ. ಮತ್ತೆ ಕೂಗುತ್ತಿದ್ದಳು.

ಸೂಲಗಿತ್ತಿ ಹೊರಗೆ ಬಂದು ಮಾವನವರಿಗೆ, "ನನ್ನ ಕೈ ಮೀರೈತೆ ಸ್ವಾಮಿ. ದುರ್ಗದ ಆಸ್ಪತ್ರೆಗೆ ಗಾಡಿ ಕಟ್ರಿ, ಈಗಲೇ ಹೋಗಾಣ" ಎಂದಳು. ಅರ್ಧ ದಿನದ ದಾರಿ. ಮಾವ ಕಂಬಕ್ಕೆ ಒರಗಿ ನಿಂತರು. ಕೊಟ್ಟ ಹೆಣ್ಣು, ಬೇರೆಯವರ ಮನೆಯ ಸೊಸೆ, ಅವರನ್ನು ಕೇಳದೆ ಗಂಡಸು ಡಾಕ್ಟರ ಕೈಗೆ ಹೇಗೆ ಕೊಡುವುದು? ನಾಳೆ ಏನಾದರೂ ಆದರೆ ಯಾವ ಮುಖ ತೋರಿಸುವುದು? ನನ್ನ ಗಂಡನನ್ನು ಹಿರಿಯೂರಿಗೆ ಓಡಿಸಿದರು, ಒಪ್ಪಿಗೆ ತರಲು. ಎತ್ತನ್ನು ಸಾಯುವಂತೆ ಹೊಡೆದರೂ ಹೋಗಿ ಬರಲು ಎರಡು ದಿನ ಬೇಕು. ಅದು ಮಾವನಿಗೆ ಗೊತ್ತಿತ್ತು, ಸೂಲಗಿತ್ತಿಗೆ ಗೊತ್ತಿತ್ತು, ನಮಗೆಲ್ಲರಿಗೂ ಗೊತ್ತಿತ್ತು. ಆದರೂ ಗಾಡಿ ಹೋದದ್ದು ಹಿರಿಯೂರಿನ ಕಡೆಗೇ.

ಮೂರನೆಯ ದಿನ ಹೊತ್ತು ಇಳಿಯುವಾಗ ಕೂಸು ಬಂತು. ಗಂಡು. ಅಳಲಿಲ್ಲ. ಸೂಲಗಿತ್ತಿ ಅದರ ಬೆನ್ನು ತಟ್ಟಿದಳು, ತಣ್ಣೀರು ಚಿಮುಕಿಸಿದಳು, ಬಾಯಿಂದ ಬಾಯಿಗೆ ಊದಿದಳು. ಆಮೇಲೆ ಬಟ್ಟೆಯಲ್ಲಿ ಸುತ್ತಿ ಮೂಲೆಗಿಟ್ಟಳು. ತಾಯಿಗೆ ರಕ್ತ ನಿಲ್ಲಲಿಲ್ಲ. ಮರುದಿನ ಬಿಸಿಲೇರುವ ಹೊತ್ತಿಗೆ ಹೋದಳು. ಆಗ ನನ್ನನ್ನು ಒಳಗೆ ಬಿಟ್ಟರು. ತಲೆ ಬಾಚಲು ಒಬ್ಬರು ಬೇಕಿತ್ತು.

ಸಂಜೆ ಹಿರಿಯೂರಿನಿಂದ ಎಲ್ಲರೂ ಬಂದರು. ಆಸ್ಪತ್ರೆಗೆ ಒಯ್ಯಿರಿ ಎಂದು ಅವರು ಒಪ್ಪಿಯೇ ಹೊರಟಿದ್ದರಂತೆ. ಬೀಗಿತ್ತಿ ಜಗಲಿಯಿಂದಲೇ ಎದೆ ಬಡಿದುಕೊಂಡು ಬಂದು, "ಏನ್ ಮಾಡ್ಸಿದ್ರಿ ನನ್ನ ಸೊಸೆ ಕೈಲಿ? ಏನ್ ಹೊರೆಸಿದ್ರಿ? ಹೂವಿನಂಗೆ ಕಳಿಸಿದ್ನಲ್ಲೋ!" ಎಂದು ಕೂಗಿದರು.

ನನ್ನ ಅತ್ತೆ ಅಲ್ಲಿಯವರೆಗೆ ಅತ್ತಿರಲಿಲ್ಲ. ಮಗಳ ಪಕ್ಕದಲ್ಲಿ ಕೂತವರು ಎದ್ದು, ಮುದುರಿದ್ದ ಆ ಕೈಯನ್ನು ಎತ್ತಿ, ಬೆರಳು ಒಂದೊಂದಾಗಿ ಬಿಡಿಸಿದರು. ಗೋರಂಟಿ ಉಗುರಿನಲ್ಲಿ ಮಾತ್ರ ಉಳಿದಿತ್ತು. ಬೊಬ್ಬೆ ಎಂದೋ ವಾಸಿಯಾಗಿ ಹೊಸ ಚರ್ಮ ಬಂದಿತ್ತು.

"ನೋಡ್ರಿ ಬೀಗಿತ್ತೇರೆ. ಒಂದು ಬೊಬ್ಬೆ ಐತಾ ನೋಡ್ರಿ. ಹೆಂಗೆ ಕಳಿಸಿದ್ರೋ ಹಂಗೇ ಐತೆ."

ಬೀಗಿತ್ತಿ ಬಗ್ಗಿ ನಿಜವಾಗಿಯೂ ನೋಡಿದರು. ಆಮೇಲೆ ಆ ಅಂಗೈಯ ಮೇಲೆ ಮುಖ ಇಟ್ಟು ಕುಸಿದರು. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಅವರಿಗೂ ಮೂರು ವರ್ಷ ಕಾದ ಮೊಮ್ಮಗ ಅದು.

ತಾಯಿ ಮಗು ಇಬ್ಬರನ್ನೂ ಒಂದೇ ಗುಣಿಯಲ್ಲಿ ಮಣ್ಣು ಮಾಡಿದರು. ಮರುದಿನ ಮನೆಯಲ್ಲಿ ಹಿಟ್ಟಿರಲಿಲ್ಲ. ಬೀಸಿದೆ.

ನನ್ನ ನೋವು ಬಂದದ್ದು ಮೂರು ತಿಂಗಳ ಮೇಲೆ, ಬೀಸುವ ಕಲ್ಲಿನ ಮುಂದೆಯೇ. ಕಲ್ಲಿನಲ್ಲಿದ್ದ ರಾಗಿ ಮುಗಿಸಿ ಎದ್ದೆ. ಸೂಲಗಿತ್ತಿ ಸೀರೆ ಎತ್ತಿ ಕಟ್ಟುವಷ್ಟರಲ್ಲಿ ಹೆಣ್ಣುಕೂಸು ಕೈಗೆ ಬಂದಿತ್ತು. ನಾದಿನಿಗೆಂದು ಬಂದ ಕೊಬ್ಬರಿ ಮೂಟೆ ಅಟ್ಟದ ಮೇಲೇ ಇತ್ತು, ಹಿರಿಯೂರಿನವರು ವಾಪಸ್ ಒಯ್ದಿರಲಿಲ್ಲ. ಅತ್ತೆ ಅದನ್ನೇ ತೆಗೆದು ಬೆಲ್ಲ ಹಾಕಿ ಕುಟ್ಟಿ ನನಗೆ ಕೊಟ್ಟರು. ತಿಂದೆ. ಒಳ್ಳೆಯ ಕೊಬ್ಬರಿ.

ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದ ಸೂಲಗಿತ್ತಿಯನ್ನು ಒಂದು ದಿನ ಕೇಳಿದೆ. "ಅಜ್ಜಿ, ಅವಳು ಬೀಸಿದ್ರೆ ಉಳೀತಿದ್ಲಾ?"

ಅವಳು ನೀರು ಹೊಯ್ಯುವುದನ್ನು ನಿಲ್ಲಿಸಲಿಲ್ಲ. "ನಂಗೇನವ್ವ ಗೊತ್ತು. ಅವಳ ಸೊಂಟ ಸಣ್ಣದಿತ್ತು, ಕೂಸು ದೊಡ್ಡದಿತ್ತು. ಬೀಸಿದ್ರೂ ಹೋಗ್ತಿದ್ಲೋ ಏನೋ. ಬೀಸಿ ಬೀಸಿ ಹೋದೋರನ್ನೂ ಕಂಡಿದೀನಿ. ಆದ್ರೆ ಎರಡನೇ ದಿನಕ್ಕೇ ಉಸಿರು ಸೋತು ಹಗ್ಗ ಬಿಟ್ಲಲ್ಲ, ಅಷ್ಟು ಬೇಗ ಬಿಡ್ತಿರ್ಲಿಲ್ಲ ಅಂತ ಕಾಣ್ತೈತೆ."

ಅದಕ್ಕೇ ನಮ್ಮ ಹುಡುಗಿಯರು ಕೇಳಿದಾಗ ನಾನು ಇಷ್ಟು ಹೇಳುತ್ತೇನೆ. ನಡೆಯಿರಿ, ಬಗ್ಗಿರಿ, ಕೂತು ಮಾಡುವ ಕೆಲಸ ಮಾಡಿರಿ. ಹೊರೆ ಹೊರಬೇಡಿರಿ. ನಾನು ಮೂರನೆಯ ಬಸುರಿನಲ್ಲಿ ಕಟ್ಟಿಗೆ ಹೊರೆ ಹೊತ್ತು, ಐದು ತಿಂಗಳಿದ್ದದ್ದನ್ನು ಹೊಲದಲ್ಲೇ ಕಳೆದುಕೊಂಡೆ. ಕೆಲಸ ಮಾಡಿದವಳಿಗೆಲ್ಲ ಸುಖವಾಗಿ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಕೈ ಮೀರಿತು ಎಂದು ಸೂಲಗಿತ್ತಿ ಅಂದ ಕೂಡಲೇ ಗಾಡಿ ಕಟ್ಟಿರಿ, ಯಾರನ್ನೂ ಕೇಳಬೇಡಿರಿ. ಇದು ನಾನು ಹೇಳುತ್ತಿದ್ದ ಅರ್ಧ.

ಹೇಳದ ಅರ್ಧವನ್ನು ಒಬ್ಬರಿಗೆ ಮಾತ್ರ ಹೇಳಿದ್ದೆ. ಬಾಣಂತನ ಮುಗಿದು ಮತ್ತೆ ಕಲ್ಲಿನ ಮುಂದೆ ಕೂತ ಮೊದಲ ದಿನ, ಅಭ್ಯಾಸದಂತೆ ಕೈ ತಾನಾಗಿ ಅಗುಳಿಗೆ ಹೋಯಿತು. ಹಾಕಲು ಆಗಲಿಲ್ಲ. ಹೋಗಿ ಮಲಗಿದ್ದ ಅತ್ತೆಯನ್ನು ಎಬ್ಬಿಸಿ ಹೇಳಿಬಿಟ್ಟೆ. "ಅತ್ತೆ, ಅವತ್ತು ನಾನು ಬ್ಯಾಡ ಅಂದಿರ್ಲಿಲ್ಲ. ಗೂಟ ನಾನೇ ಕೊಟ್ಟಿದ್ದು. ಸುಳ್ಳು ಹೇಳಿದೆ. ಆಮೇಲೆ ಮೂರು ದಿನ ಬಂದು ತಟ್ಟಿದ್ಲು, ತೆಗೀಲಿಲ್ಲ."

ಅತ್ತೆ ಎದ್ದು ಕೂತರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು.

"ಗೊತ್ತಿತ್ತು ಕಣೆ" ಎಂದರು. "ಒಬ್ಬಳು ಬೀಸೋ ಸದ್ದು ಬೇರೆ, ಇಬ್ಬರು ಬೀಸೋ ಸದ್ದು ಬೇರೆ. ನಲವತ್ತು ವರ್ಷ ಬೀಸಿದ ಕಿವಿ ಇದು. ಮೊದಲನೇ ದಿನವೇ ಗೊತ್ತಾಯ್ತು. ಬೀಸ್ಲಿ ಬಿಡು ಅಂತ ಹತ್ತು ದಿನ ಕಣ್ಮುಚ್ಕೊಂಡು ಬಿದ್ದಿದ್ದೆ. ಹಾಡ್ತಿದ್ಲಲ್ಲ, ಅದನ್ನೂ ಕೇಳ್ತಿದ್ದೆ. ಆ ಬೀಗಿತ್ತಿ ಬರ್ತಾಳೆ ಅಂತ ಸುದ್ದಿ ಬರದಿದ್ರೆ…"

ತಟ್ಟಿದ ಸದ್ದನ್ನೂ ಕೇಳಿದ್ದಿರಾ ಎಂದು ನಾನು ಕೇಳಲಿಲ್ಲ. ಕೇಳಿಸಿರಲೇಬೇಕು. ನಡುಮನೆಗೂ ಆ ಬಾಗಿಲಿಗೂ ಹತ್ತು ಹೆಜ್ಜೆ.

ನಾನು ಹಾರೆ ತಂದು ಅಗುಳಿಯನ್ನು ಮೀಟಿದೆ. ಹಳೆಯ ಮರ, ಚೌಕಟ್ಟಿನ ಒಂದು ಚಕ್ಕೆಯನ್ನೂ ಕಿತ್ತುಕೊಂಡು ಬಂತು. ಅತ್ತೆ ಬಂದು ಹೊಸಿಲಲ್ಲಿ ನಿಂತು ನೋಡಿದರು.

"ಹೊಸ ಕರು ಐತಲ್ಲೇ. ನುಗ್ಗಿ ಹಿಟ್ಟು ನೆಕ್ಕೀತು."

"ನೆಕ್ಲಿ" ಎಂದೆ.

ಅತ್ತೆ ಒಳಗೆ ಬಂದರು. ಆಮೇಲೆ ಗೋಡೆ ಹಿಡಿದು, ಮೆಲ್ಲಗೆ, ನನ್ನ ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದರು. ಇಬ್ಬರೂ ಸೇರಿ ಆವತ್ತಿನ ರಾಗಿ ಬೀಸಿದೆವು.